ಸ್ಟಾರ್ಟಪ್‌ನಲ್ಲಿ ಹಣ ಹಾಕಿದ್ದಕ್ಕೆ ನಮ್ಮ ಕಾರ್ಖಾನೆ ಹಸಿರಾಯ್ತು ಅಂತ ಬರೆಯಬಹುದಾ?

ಶಾಲಿನಿ_ಬೊಮ್ಮಸಂದ್ರ

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ವಾಕ್ಯ ಇಟ್ಕೊಂಡು ಮೂರು ದಿನದಿಂದ ಕೂತಿದ್ದೀನಿ. ತಿಳಿದವರು ದಾರಿ ತೋರಿಸಬೇಕು.

ನಾನು ವಾಹನಗಳ ಬಿಡಿಭಾಗ ಮಾಡುವ ಒಂದು ಲಿಸ್ಟೆಡ್ ಕಂಪನಿಯ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ. ಕೊಳೆನೀರು ಶುದ್ಧ ಮಾಡುವ ಘಟಕಗಳು (ಇಟಿಪಿ, ಎಸ್‌ಟಿಪಿ), ಮಾಲಿನ್ಯ ಮಂಡಳಿಯ ಕನ್ಸೆಂಟು, ಅಪಾಯಕಾರಿ ತ್ಯಾಜ್ಯದ ಲೆಕ್ಕ ಇವೆಲ್ಲ ನನ್ನ ಕೆಲಸ. 2022–23ರಿಂದ ಶೇರುಪೇಟೆಯ ನಿಯಂತ್ರಕ ಸೆಬಿಯವರು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನೋ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದ ಮೇಲೆ ಅದರ ಪರಿಸರದ ಭಾಗವೂ ನನ್ನ ಹೆಗಲಿಗೆ ಬಿತ್ತು.

ಹೋದ ವರ್ಷ ನಮ್ಮ ಗ್ರೂಪ್‌ನವರು ಸ್ಟಾರ್ಟಪ್‌ಗಳಲ್ಲಿ ಹಣ ಹೂಡೋಕೆ ಒಂದು ಚಿಕ್ಕ ವೆಂಚರ್ ವಿಭಾಗ ಶುರು ಮಾಡಿದರು. ಮೊದಲ ಹೂಡಿಕೆ 4 ಕೋಟಿ ರೂಪಾಯಿ, ಒಂದು ಸ್ಟಾರ್ಟಪ್‌ಗೆ. ಲೋಹ ಉಜ್ಜುವಾಗ ಬಿಸಿಯಾಗದ ಹಾಗೆ ಸುರಿಯುವ ದ್ರವಕ್ಕೆ ಕೂಲಂಟು ಅಂತಾರೆ; ಬಳಸಿ ಹಾಳಾದ ಕೂಲಂಟನ್ನು ಶುದ್ಧ ಮಾಡಿ ಮತ್ತೆ ಮಶಿನ್‌ಗೆ ಹಾಕೋ ಹಾಗೆ ಮಾಡುವ ಯಂತ್ರ ಅವರದು. ನಾನೇ ಹೋಗಿ ನೋಡಿಕೊಂಡು ಬಂದೆ. ಬೀರುವಿನಷ್ಟು ಗಾತ್ರ. ಮೇಲೆ ತೇಲುವ ಎಣ್ಣೆಯನ್ನು ಬೇರೆ ಮಾಡುತ್ತೆ, ಲೋಹದ ಪುಡಿ ಸೋಸುತ್ತೆ, ಕೂಲಂಟನ್ನು ಕೊಳೆಸುವ ಬ್ಯಾಕ್ಟೀರಿಯಾ ಕೊಲ್ಲುತ್ತೆ. ಕೆಲಸ ಮಾಡುವ ಯಂತ್ರ, ಅದರಲ್ಲಿ ನನಗೆ ಅನುಮಾನ ಇಲ್ಲ.

ಈಗ ವರದಿಯ ಕರಡಿನಲ್ಲಿ ಮೇಲಿನಿಂದ ಒಂದು ವಾಕ್ಯ ಸೇರಿ ಬಂದಿದೆ: "ಹಸಿರು ನಾವೀನ್ಯದಲ್ಲಿ ನಮ್ಮ ಹೂಡಿಕೆಯಿಂದಾಗಿ ಕಂಪನಿಯ ಪರಿಸರ ಸಾಧನೆ ಗಣನೀಯವಾಗಿ ಉತ್ತಮಗೊಂಡಿದೆ."

ಆದರೆ ಆ ಯಂತ್ರ ನಮ್ಮ ಕಾರ್ಖಾನೆಗೆ ಬಂದೇ ಇಲ್ಲ. ಗ್ರೈಂಡಿಂಗ್ ಶಾಪಿನ ಹಿಂದೆ ಹಾಳಾದ ಕೂಲಂಟು ತುಂಬಿದ ನೀಲಿ ಡ್ರಮ್ಮುಗಳ ಸಾಲು ಹಾಗೇ ಇದೆ. ಭಾನುವಾರ ಪೂರ್ತಿ ನಿಂತ ಕೂಲಂಟು ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆ ಥರ ನಾರುತ್ತೆ. ಮೊದಲ ಶಿಫ್ಟಿನ ಹುಡುಗರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡೇ ಸಂಪ್ ಖಾಲಿ ಮಾಡ್ತಾರೆ. ಅವರ ಮೊಣಕೈವರೆಗೆ ಚರ್ಮ ಕೆಂಪಾಗಿರುತ್ತೆ, ಕೆಲವರಿಗೆ ಬಿರುಕು ಬಿಟ್ಟಿದೆ. ಮೊನ್ನೆ ಅಪಾಯಕಾರಿ ತ್ಯಾಜ್ಯ ಸಾಗಾಣಿಕೆಯ ‘ಫಾರ್ಮ್ 10’ರ ಪ್ರತಿಗಳನ್ನು ಹರಡಿಕೊಂಡು ಕೂತು ಒಂದೊಂದಾಗಿ ಎಣಿಸಿದೆ. ಹಿಂದಿನ ವರ್ಷ 412 ಡ್ರಮ್ಮು, ಈ ವರ್ಷ 438.

ಹೀಗಿರುವಾಗ ಆ ವಾಕ್ಯಕ್ಕೆ ನಾನು ಹೇಗೆ ಸಹಿ ಹಾಕಲಿ? ಹಾಗಂತ ಹೂಡಿಕೆಗೆ ಏನೂ ಬೆಲೆಯೇ ಇಲ್ಲ ಅಂತಲೂ ನನಗೆ ಅನಿಸಲ್ಲ. ದೊಡ್ಡ ಕಂಪನಿಗಳು ಹೀಗೆ ಹಸಿರು ಸ್ಟಾರ್ಟಪ್‌ಗಳಲ್ಲಿ ಹಣ ಹಾಕಿದಾಗ ಅವರ ಸ್ವಂತ ಹೊಗೆ, ಕೊಳೆನೀರು, ಕಸ ನಿಜವಾಗಿ ಕಡಿಮೆ ಆಗಿದೆಯಾ? ಆಗಿದ್ದರೆ ಯಾವ ದಾರಿಯಿಂದ?

ಲೆಕ್ಕದ_ರಾಘು

ಮೇಡಂ, ನಾನು ಮೈಸೂರಿನಲ್ಲಿ ಸಿಎ. ಇಂಥ ವರದಿಗಳನ್ನು ಪರಿಶೀಲಿಸೋ ತಂಡದಲ್ಲಿ ಇದ್ದೆ. ಮೊದಲು ನಿಯಮದ ಮಾತು, ಅದು ಬೇಗ ಮುಗಿಯುತ್ತೆ.

ಬಿಆರ್‌ಎಸ್‌ಆರ್‌ನ 2ನೇ ತತ್ವದ ಮೊದಲ ಪ್ರಶ್ನೆಯೇ ಆರ್‌ ಅಂಡ್ ಡಿ (ಸಂಶೋಧನೆ) ಮತ್ತು ಕ್ಯಾಪೆಕ್ಸ್‌ನಲ್ಲಿ (ಯಂತ್ರ, ಕಟ್ಟಡದಂಥ ಬಂಡವಾಳ ವೆಚ್ಚ) ಎಷ್ಟು ಪಾಲು ಪರಿಸರ ಸುಧಾರಿಸುವ ತಂತ್ರಜ್ಞಾನಕ್ಕೆ ಹೋಯ್ತು ಅನ್ನೋದು. ಸ್ಟಾರ್ಟಪ್‌ನ ಶೇರು ಕೊಂಡದ್ದು ಎರಡೂ ಅಲ್ಲ, ಅದು ಬ್ಯಾಲೆನ್ಸ್ ಶೀಟಿನಲ್ಲಿ ಹೂಡಿಕೆ ಅಂತ ಕೂರುತ್ತೆ. ಅಲ್ಲಿ ತುರುಕಬೇಡಿ. 6ನೇ ತತ್ವದಲ್ಲಿ ಹೊಸ ತಂತ್ರಜ್ಞಾನ ಬಳಸಿದ್ದರೆ ವಿವರ ಕೊಡಿ ಅಂತ ಒಂದು ಪ್ರಶ್ನೆ ಇದೆ. ಆದರೆ ಅದೇ ಸಾಲಿನಲ್ಲಿ ಅದರ ಫಲಿತಾಂಶವನ್ನೂ ಕೇಳಿದ್ದಾರೆ. ಯಂತ್ರವೇ ಬಂದಿಲ್ಲ ಅಂದರೆ ಫಲಿತಾಂಶದ ಜಾಗದಲ್ಲಿ ಏನು ಬರೀತೀರಿ?

ಇಂಗಾಲದ ಲೆಕ್ಕದಲ್ಲೂ ಅಷ್ಟೇ. ಹೊರಸೂಸುವಿಕೆ ಲೆಕ್ಕ ಹಾಕೋ ಮಾನದಂಡವಾದ ಜಿಎಚ್‌ಜಿ ಪ್ರೋಟೋಕಾಲ್‌ನಲ್ಲಿ ಸ್ಕೋಪ್ 3ಕ್ಕೆ (ಪೂರೈಕೆದಾರರು, ಗ್ರಾಹಕರಂಥವರ ಕಡೆಯ ಪರೋಕ್ಷ ಹೊರಸೂಸುವಿಕೆಗೆ) 15 ವರ್ಗ, ಕೊನೆಯದೇ ಹೂಡಿಕೆ. ಸ್ಟಾರ್ಟಪ್‌ನಲ್ಲಿ ನಿಮ್ಮ ಶೇರು ಎಷ್ಟೋ ಅದರ ಹೊರಸೂಸುವಿಕೆಯಲ್ಲಿ ಅಷ್ಟು ಪಾಲು ನಿಮ್ಮ ಲೆಕ್ಕಕ್ಕೆ ಕೂಡುತ್ತೆ. ಕಳೆಯೋದಲ್ಲ, ಕೂಡೋದು. ಅವರ ಯಂತ್ರ ಬೇರೆಯವರ ಫ್ಯಾಕ್ಟರಿಯಲ್ಲಿ ಉಳಿಸಿದ್ದನ್ನು ಬೇಕಾದರೆ ಪ್ರತ್ಯೇಕವಾಗಿ ಹೇಳಿಕೊಳ್ಳಬಹುದು, ನಿಮ್ಮ ಟನ್ನುಗಳಿಂದ ಮೈನಸ್ ಮಾಡೋ ಹಾಗಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆಗೆ ನಮ್ಮ ಬೆಂಗಳೂರಿನದೇ ಉದಾಹರಣೆ. ಹೀರೋ ಮೋಟೋಕಾರ್ಪ್ 2016ರಲ್ಲಿ ವಿದ್ಯುತ್ ಸ್ಕೂಟರ್ ಮಾಡೋ ಸ್ಟಾರ್ಟಪ್ ಏಥರ್‌ಗೆ 205 ಕೋಟಿ ಹಾಕಿತು. ಏಥರ್ 450 ಬೆಂಗಳೂರಿನ ರಸ್ತೆಗೆ ಇಳಿದದ್ದು 2018ರಲ್ಲಿ. ಹೀರೋದ ಸ್ವಂತ ವಿದ್ಯುತ್ ಸ್ಕೂಟರ್ ವಿಡಾ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅಂದರೆ ಚೆಕ್ ಬರೆದು ಆರು ವರ್ಷದ ಮೇಲೆ. ಆ ಆರು ವರ್ಷದ ಉದ್ದಕ್ಕೂ ಕಂಪನಿ ಮಾರಿದ್ದು ವರ್ಷಕ್ಕೆ 50 ಲಕ್ಷದ ಆಸುಪಾಸಿನಲ್ಲೋ ಅದಕ್ಕಿಂತ ಹೆಚ್ಚೋ ಪೆಟ್ರೋಲ್ ಗಾಡಿ. ದ್ವಿಚಕ್ರ ಕಂಪನಿಯ ಹೊರಸೂಸುವಿಕೆಯ ಬಹುಪಾಲು ಇರೋದು ಫ್ಯಾಕ್ಟರಿ ಒಳಗಲ್ಲ, ಮಾರಿದ ಗಾಡಿ ಸುಡೋ ಪೆಟ್ರೋಲಿನಲ್ಲಿ. ಹಾಗಾಗಿ ಹೂಡಿಕೆಯಿಂದ ಆ ಲೆಕ್ಕ ಕೂಡಲೇ ಇಳಿಯೋಕೆ ಸಾಧ್ಯವೇ ಇರಲಿಲ್ಲ.

ಹಾಗಂತ ಆ ಹಣ ವ್ಯರ್ಥ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಏಥರ್ ಒಂದು ಚಾರ್ಜಿಂಗ್ ಕನೆಕ್ಟರ್ ಮಾಡಿತ್ತು. ವಿಡಾ ಅದನ್ನೇ ಬಳಸಿತು. 2023ರಲ್ಲಿ ಬಿಐಎಸ್ ಅದಕ್ಕೆ ಭಾರತೀಯ ಮಾನಕದ ಮುದ್ರೆ ಕೊಟ್ಟಿತು. ಆ ವರ್ಷದ ಡಿಸೆಂಬರ್‌ನಲ್ಲಿ ಎರಡೂ ಕಂಪನಿಯ ಫಾಸ್ಟ್ ಚಾರ್ಜರ್‌ಗಳನ್ನು ಎರಡೂ ಗಾಡಿಯವರು ಬಳಸಬಹುದು ಅಂತಾಯ್ತು. ನನ್ನ ಕಣ್ಣಿಗೆ ಆ ಹೂಡಿಕೆಯ ಅತ್ಯಂತ ಗಟ್ಟಿ ಫಲ ಆ ಪ್ಲಗ್ಗು. ಶೇರಿನ ಬೆಲೆ ಏರುತ್ತೆ, ಇಳಿಯುತ್ತೆ. ಪ್ಲಗ್ಗು ಮಾತ್ರ ಈಗಾಗಲೇ ಎರಡೂ ಕಂಪನಿಯ ಗಾಡಿಗಳಲ್ಲಿ ಇದೆ.

ಅಮೆಜಾನ್‌ನದೂ ನೋಡಿ. 2020ರಲ್ಲಿ ಹಸಿರು ತಂತ್ರಜ್ಞಾನದ ಕಂಪನಿಗಳಲ್ಲಿ ಹೂಡೋಕೆ 200 ಕೋಟಿ ಡಾಲರಿನ ಕ್ಲೈಮೇಟ್ ಪ್ಲೆಡ್ಜ್ ಫಂಡ್ ಘೋಷಿಸಿದರು. ಅವರೇ ಕೊಟ್ಟ ಲೆಕ್ಕದ ಪ್ರಕಾರ 2019ರಲ್ಲಿ 5.1 ಕೋಟಿ ಟನ್ ಇದ್ದ ಹೊರಸೂಸುವಿಕೆ 2021ಕ್ಕೆ 7.1 ಕೋಟಿ ದಾಟಿತು. ಕೋವಿಡ್ ಕಾಲದಲ್ಲಿ ವ್ಯಾಪಾರ ಉಬ್ಬಿದ ವೇಗದ ಮುಂದೆ ನಿಧಿ ಏನೂ ಮಾಡೋಕೆ ಆಗಲಿಲ್ಲ. ಆದರೆ ಅದೇ ಅಮೆಜಾನ್ ವಿದ್ಯುತ್ ವಾಹನ ಮಾಡೋ ರಿವಿಯನ್‌ನಲ್ಲಿ ಹಣವನ್ನೂ ಹಾಕಿ, 1 ಲಕ್ಷ ವಿದ್ಯುತ್ ವ್ಯಾನುಗಳಿಗೆ ಆರ್ಡರನ್ನೂ ಕೊಟ್ಟಿತು. ಅದರಲ್ಲಿ ಸಾವಿರಾರು ವ್ಯಾನುಗಳು ಈಗಾಗಲೇ ರಸ್ತೆಗೆ ಇಳಿದಿವೆ.

ಇನ್ನೊಂದು ವಿಷಯ. ಯೇಲ್ ವಿಶ್ವವಿದ್ಯಾಲಯದ ಸಾಂಗ್ ಮಾ ಅಮೆರಿಕದ ಕಂಪನಿಗಳ ವೆಂಚರ್ ವಿಭಾಗಗಳ ಆಯುಷ್ಯ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಒಳಗಿನ ಸಂಶೋಧನೆ ಸೊರಗಿದಾಗ ಕಂಪನಿಗಳು ಇಂಥ ವಿಭಾಗ ತೆರೆಯುತ್ತವೆ, ಚೇತರಿಸಿಕೊಂಡ ಮೇಲೆ ಮುಚ್ಚುತ್ತವೆ. ಮಧ್ಯಮ ಆಯಸ್ಸು ನಾಲ್ಕೇ ವರ್ಷ. ಹೂಡಿಕೆ ಅನ್ನೋದು ಕಲಿಯೋ ಕಿಟಕಿ. ಕಿಟಕಿ ತೆರೆದಿದೆ ಅಂತ ವರದಿಯಲ್ಲಿ ಬರೆಯಿರಿ. ಗಾಳಿ ಒಳಗೆ ಬಂತು ಅಂತ ಬರೆಯಬೇಡಿ.

ಮಂಜಣ್ಣ_ಹರಿಹರ

ಶಾಲಿನಿಯವರೇ, ರಾಘು ಅವರು ಕಾಗದದ ಕಡೆ ಹೇಳಿದ್ದಾರೆ. ನಾನು ಕಂಪ್ರೆಸರ್ ರೂಮಿನ ಕಡೆ ಹೇಳ್ತೀನಿ. 31 ವರ್ಷ ಯುಟಿಲಿಟಿ ಮೇಂಟೆನೆನ್ಸ್ ಮಾಡಿ ಹೋದ ವರ್ಷ ನಿವೃತ್ತಿಯಾದೆ. ಕಂಪನಿ ಹೆಸರು ಬೇಡ. ನಿಮ್ಮದರ ಹಾಗೇ ಬಿಡಿಭಾಗದ ಕಾರ್ಖಾನೆ.

ನಮ್ಮ ಗ್ರೂಪ್‌ನವರೂ ಒಂದು ಸ್ಟಾರ್ಟಪ್‌ಗೆ ಹಣ ಹಾಕಿದ್ದರು. ಮಶಿನ್ನುಗಳಿಗೆ ಕಂಪ್ರೆಸರ್ ಪೈಪಿನಲ್ಲಿ ಒತ್ತಿ ಕಳಿಸೋ ಗಾಳಿಯ ಸೋರಿಕೆ ಹಿಡಿಯೋ ಸೆನ್ಸರ್ ಮಾಡೋ ಹುಡುಗರು. ಕಿವಿಗೆ ಕೇಳದ ಸದ್ದನ್ನ ಹಿಡಿದು, ಯಾವ ಲೈನಲ್ಲಿ ಎಷ್ಟು ಸೋರ್ತಿದೆ ಅಂತ ಮೊಬೈಲಲ್ಲಿ ತೋರಿಸೋದು. ಹೆಡ್ ಆಫೀಸಲ್ಲಿ ಫೋಟೋ ತೆಗೆದರು, ಮನೆ ಪತ್ರಿಕೆಯಲ್ಲಿ ಹಾಕಿದರು. ಆಮೇಲೆ ನಲವತ್ತು ಸೆನ್ಸರ್ ಇದ್ದ ರಟ್ಟಿನ ಡಬ್ಬಿ ನಮ್ಮ ಸ್ಟೋರ್ಸಿಗೆ ಬಂತು. ಹನ್ನೊಂದು ತಿಂಗಳು ಅಲ್ಲೇ ಇತ್ತು. ಬೇರಿಂಗ್ ರ‍್ಯಾಕಿನ ಕೆಳಗಿನ ಅಂಕಣ, ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯಾಕೆ ಅಂದರೆ ಪರ್ಚೇಸಿನವರು ವೆಂಡರ್ ಕೋಡ್ (ಸಾಮಾನು ಮಾರುವವರ ನೋಂದಣಿ ಸಂಖ್ಯೆ) ಕೊಡಬೇಕು. ಕೋಡ್ ಬೇಕಂದರೆ ಮೂರು ವರ್ಷದ ಟರ್ನೋವರ್ ತೋರಿಸಬೇಕು. ಆ ಕಂಪನಿಗೆ ಹುಟ್ಟಿ ಎರಡೇ ವರ್ಷ. ಆಮೇಲೆ ಮೂರು ಕೊಟೇಶನ್ ಬೇಕು ಅಂದರು. ಆ ಸಾಮಾನು ಮಾಡೋರೇ ಒಬ್ಬರು, ಇನ್ನಿಬ್ಬರನ್ನ ಎಲ್ಲಿಂದ ತರೋದು? ಹಣ ಹಾಕಿದ ಮಾಲೀಕರೂ ನಾವೇ, ಕೋಡ್ ಕೊಡದವರೂ ನಾವೇ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಹಾಗಾಯ್ತು. ಇದರಲ್ಲಿ ಪರ್ಚೇಸಿನ ಹುಡುಗನ ತಪ್ಪೂ ಇಲ್ಲ. ಅವನನ್ನ ವರ್ಷದ ಕೊನೆಗೆ ಅಳೆಯೋದು ಎಷ್ಟು ಕಮ್ಮಿಗೆ ಕೊಂಡ ಅಂತ. ಪ್ಲಾಂಟ್ ಹೆಡ್ಡನ್ನ ಅಳೆಯೋದು ಎಷ್ಟು ಪೀಸ್ ಕಳಿಸಿದ ಅಂತ. ಗಾಳಿ ಉಳಿಸಿದ್ದಕ್ಕೆ ಯಾರಿಗೂ ಒಂದು ಅಂಕ ಇರಲಿಲ್ಲ.

ಆಮೇಲೆ ಹೊಸ ಪ್ಲಾಂಟ್ ಹೆಡ್ ಬಂದರು. ಮೊದಲ ವಾರವೇ ಕಂಪ್ರೆಸರ್ ರೂಮಿಗೆ ಬಂದು "ಮಂಜಣ್ಣ, ಸೋರಿಕೆ ಎಷ್ಟಿದೆ?" ಅಂದರು. ಅಳೆದಿಲ್ಲ ಸರ್ ಅಂದೆ. ಹಾಗೆ ಹೇಳುವಾಗ ನನಗೆ ನಾಚಿಕೆಯಾಯ್ತು. ಭಾನುವಾರ ಬನ್ನಿ, ಇಬ್ಬರೂ ಅಳೆಯೋಣ ಅಂದರು.

ಭಾನುವಾರ ಫ್ಯಾಕ್ಟರಿ ಪೂರ್ತಿ ಬಂದ್. ಒಂದು ಮಶಿನ್ನೂ ಓಡ್ತಿಲ್ಲ, ಅಂದರೆ ಒಂದು ಹನಿ ಗಾಳಿಯೂ ಖರ್ಚಾಗಬಾರದು. 110 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿದೆವು. ಪ್ರೆಶರ್ ಏಳು ಬಾರ್ ಮುಟ್ಟಿ ಅನ್‌ಲೋಡ್ ಆಯ್ತು, ಅಂದರೆ ಗಾಳಿ ಒತ್ತೋದು ನಿಲ್ಲಿಸಿತು. ಸೋರಿಕೆ ಇಲ್ಲದಿದ್ದರೆ ಅದು ಹಾಗೇ ಸುಮ್ಮನೆ ಕೂರಬೇಕು. ಕೂರಲಿಲ್ಲ. ಮುಳ್ಳು ಇಳೀತಾ ಬಂತು, ಮತ್ತೆ ಲೋಡ್, ಅಂದರೆ ಗಾಳಿ ಒತ್ತೋಕೆ ಶುರು. ಅವರ ಕೈಯಲ್ಲಿ ಸ್ಟಾಪ್‌ವಾಚ್, ನನ್ನ ಕೈಯಲ್ಲಿ ಡೈರಿ. ಹತ್ತು ಸಲ ಬರೆದೆವು. ಸರಾಸರಿ ಲೋಡ್ 130 ಸೆಕೆಂಡು, ಅನ್‌ಲೋಡ್ 290. ಲೋಡನ್ನ ಒಟ್ಟು ಸಮಯದಿಂದ ಭಾಗಿಸಿದರೆ ಶೇಕಡ 31. ಯಾರೂ ಕೆಲಸ ಮಾಡದ ದಿನ ಆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಬರೀ ತೂತುಗಳಿಗೆ ಹೋಗ್ತಿತ್ತು.

ಆ ನಿಶ್ಶಬ್ದದಲ್ಲಿ ಶಾಪ್ ಒಳಗೆ ನಡೆದುಕೊಂಡು ಹೋದೆವು. ವಾರದ ದಿನ ಪ್ರೆಸ್ಸಿನ ಸದ್ದಿಗೆ ಏನೂ ಕೇಳಲ್ಲ. ಅವತ್ತು ಎಲ್ಲಾ ಕಡೆಯಿಂದ ಸುಸ್ಸ್ ಅಂತಿತ್ತು. ಪುಶ್ ಫಿಟ್ಟಿಂಗು, ಕ್ವಿಕ್ ಕಪ್ಲಿಂಗು, ಗಾಳಿ ಸೋಸೋ ಎಫ್‌ಆರ್‌ಎಲ್ ಯೂನಿಟ್ಟಿನ ಬಟ್ಟಲು, ಯಾರೋ ದಾರ ಸುತ್ತಿ ಬಿಟ್ಟಿದ್ದ ಹೋಸು. ಏಳು ಬಾರ್‌ನಲ್ಲಿ 3 ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವ್ಯಾಟ್ ತಿನ್ನುತ್ತೆ. ವರ್ಷಕ್ಕೆ 6,000 ಗಂಟೆ ಹಿಡಿದರೆ 18,000 ಯೂನಿಟ್. ಗ್ರಿಡ್ಡಿನ ಒಂದು ಯೂನಿಟ್ಟಿಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿಯಿರಿ, ಹನ್ನೆರಡು ಟನ್ನಿನ ಮೇಲಾಯ್ತು. ಕಿರುಬೆರಳು ಅಡ್ಡ ಇಟ್ಟರೆ ಮುಚ್ಚೋ ಅಂಥ ಒಂದು ತೂತಿಗೆ!

ಸೋಮವಾರ ಪ್ಲಾಂಟ್ ಹೆಡ್ ತಮ್ಮ ಅಧಿಕಾರದಲ್ಲೇ ಆರು ತಿಂಗಳ ಟ್ರಯಲ್ ಪಿಒ (ಪರ್ಚೇಸ್ ಆರ್ಡರ್) ಬರೆದರು. ಡಬ್ಬಿ ಸ್ಟೋರ್ಸಿನಿಂದ ಆಚೆ ಬಂತು. ಸ್ಟಾರ್ಟಪ್ಪಿನ ಇಬ್ಬರು ಹುಡುಗರು ಬಂದು ನಮ್ಮ ಜೊತೆಗೇ ಮೂರು ವಾರ ಇದ್ದರು. ಮೊದಮೊದಲು ಅವರ ಸೆನ್ಸರ್ ಗ್ರೈಂಡರ್ ಸದ್ದನ್ನೂ ಸೋರಿಕೆ ಅಂತ ತೋರಿಸ್ತಿತ್ತು. ನಮ್ಮ ಫಿಟ್ಟರ್ ಒಬ್ಬ ಶಿಫ್ಟ್ ಬದಲಾಗೋ ಹೊತ್ತಿನ ರೀಡಿಂಗ್ ಮಾತ್ರ ತಗೊಳ್ಳಿ ಅಂದ. ಅದನ್ನ ಅವರು ಸಾಫ್ಟ್‌ವೇರಿಗೆ ಸೇರಿಸಿದರು, ಸರಿಹೋಯ್ತು. ಇದು ನಿಮ್ಮ ವರದಿಯಲ್ಲಿ ಬರಬೇಕಾದ ಮಾತು. ಹಣದ ಜೊತೆ ಶಾಪ್ ಫ್ಲೋರನ್ನೂ ಕೊಟ್ಟಿದ್ದಕ್ಕೆ ಅವರ ಸಾಮಾನು ಸುಧಾರಿಸಿತು, ನಮ್ಮ ಗಾಳಿ ಉಳೀತು.

ಆರು ತಿಂಗಳ ಮೇಲೆ ಇನ್ನೊಂದು ಭಾನುವಾರ ಅಳೆದೆವು. ಲೋಡ್ 50 ಸೆಕೆಂಡು, ಅನ್‌ಲೋಡ್ 370. ಶೇಕಡ 12. ಮೀಟರಿನಲ್ಲಿ ತಿಂಗಳಿಗೆ ಸುಮಾರು 9,000 ಯೂನಿಟ್ ಕಮ್ಮಿ. ವರ್ಷಕ್ಕೆ 75 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಬರದೇ ಉಳೀತು.

ಹಣ ಹಾಕಿದ ದಿನದಿಂದ ಹನ್ನೊಂದು ತಿಂಗಳು ಉಳಿದದ್ದು ಸೊನ್ನೆ. ಪಿಒ ಬರೆದ ದಿನದಿಂದ ಲೆಕ್ಕ ಶುರು. ಅದಕ್ಕೇ ನಾನು ಹೇಳೋದು, ಪರಿಸರಕ್ಕೆ ಚೆಕ್ಕಿನ ಸಹಿ ಗೊತ್ತಾಗಲ್ಲ, ಪರ್ಚೇಸ್ ಆರ್ಡರಿನ ಸಹಿ ಗೊತ್ತಾಗುತ್ತೆ. ನಿಮ್ಮ ಜಾಗದಲ್ಲಿ ನಾನಿದ್ದರೆ ವಾಕ್ಯದ ಜೊತೆ ಜಗಳ ಆಡ್ತಿರಲಿಲ್ಲ. ಆ ಯಂತ್ರ ಒಂದು ಗ್ರೈಂಡಿಂಗ್ ಲೈನಿಗೆ ಬರೋ ಹಾಗೆ ನೋಡ್ತಿದ್ದೆ.

ಒಂದು ಮಾತು ಮರೆಯಬೇಡಿ. ಯಂತ್ರ ಬರೋಕೆ ಮುಂಚೆ ಕನಿಷ್ಠ ಒಂದು ತಿಂಗಳ ಹಳೇ ಲೆಕ್ಕ ಬರೆದಿಡಿ. ನಾವು ಆ ಮೊದಲ ಭಾನುವಾರ ಅಳೆಯದೇ ಇದ್ದಿದ್ದರೆ 31 ಅನ್ನೋ ಅಂಕಿ ಯಾರ ಹತ್ತಿರವೂ ಇರ್ತಿರಲಿಲ್ಲ.

ಸಂಗಮೇಶ_ಹುಬ್ಬಳ್ಳಿ

ನಾ ಸ್ಟಾರ್ಟಪ್ ಕಡಿಯಾಂವ ರೀ. ಹುಬ್ಬಳ್ಳ್ಯಾಗ ಕೊಳಿ ನೀರಿನ ಕೆಲಸ ಮಾಡ್ತೀವಿ, ಒಂಬತ್ತು ಮಂದಿ ಅದೀವಿ. ಮಂಜಣ್ಣಾರು ಹೇಳಿದ್ದು ಓದಿ ಎದಿ ತುಂಬಿ ಬಂತು.

ದೊಡ್ಡ ಕಂಪನಿ ರೊಕ್ಕ ಕೊಡ್ತೀನಿ ಅಂದಾಗ ನಾವು ಕೇಳೂದು ಒಂದs: ನಿಮ್ಮ ಯಾವ ಪ್ಲಾಂಟಿನ್ಯಾಗ ಹಚ್ಚತೀರಿ, ಬಿಲ್ ಎಷ್ಟ ದಿನಕ್ಕ ಕೊಡ್ತೀರಿ? ಒಂದು ಕಡೆ ಟ್ರಯಲ್ ಅಂತ ಹದಿನಾಲ್ಕು ತಿಂಗಳು ಪುಕಟ ಓಡಿಸಿದ್ರು. ಯಂತ್ರ ಚೊಲೋ ನಡದಿತ್ತು. ಆದ್ರ ಆರ್ಡರ್ ಬರಲಿಲ್ಲ. ಆ ಹದಿನಾಲ್ಕು ತಿಂಗಳದಾಗ ಇಬ್ರು ಎಂಜಿನಿಯರ್ ಬಿಟ್ಟು ಹೋದ್ರು, ಅವರಿಗೆ ಪಗಾರ ಕೊಡೂದು ಆಗಲಿಲ್ಲ ನನಗ.

ಇನ್ನೊಂದು ಅಂಜಿಕಿನೂ ಐತಿ. ಹೂಡಿಕೆ ಮಾಡಿದ ಕಂಪನಿಯ ಮನಸ್ಸು ಬದಲಾದ್ರ? ಬ್ರಿಟನ್ನಿನ ಎಣ್ಣಿ ಕಂಪನಿ ಬಿಪಿ 2025ರ ಫೆಬ್ರುವರಿಯೊಳಗ ಹಸಿರು ಕೆಲಸದ ಖರ್ಚು ಕಡಿಮಿ ಮಾಡಿ ಎಣ್ಣಿ, ಗ್ಯಾಸಿನ ಖರ್ಚು ಹೆಚ್ಚಿಗಿ ಮಾಡ್ತೀವಿ ಅಂತ ಜಾಹೀರ ಮಾಡಿತು. ಇನ್ನ ಎದುರಿನ ದಿಕ್ಕಿನಿಂದನೂ ಪೆಟ್ಟು ಬೀಳತೈತಿ. ಬಿಪಿಯ ಹೂಡಿಕೆ ವಿಭಾಗ ಬಿಪಿ ವೆಂಚರ್ಸ್ 2021ರಾಗ ರೊಕ್ಕ ಹಾಕಿದ್ದ ಬ್ಲೂಸ್ಮಾರ್ಟ್ ಕರೆಂಟಿನ ಟ್ಯಾಕ್ಸಿ 2025ರ ಏಪ್ರಿಲ್‌ನ್ಯಾಗ ನಿಂತು ಹೋತು. ಬೆಂಗಳೂರಾಗ ಆ ಗಾಡಿ ನೆಚ್ಚಿಕೊಂಡಿದ್ದ ಡ್ರೈವರುಗಳ ಕಥಿ ಏನಾಗಿರಬೇಕು? ಶೇರಿನ ಮ್ಯಾಲೆ ಕಟ್ಟಿದ ಹಸಿರಿನ ಲೆಕ್ಕ ಇಷ್ಟು ನಾಜೂಕ ಇರತೈತಿ. ಮಂಜಣ್ಣಾರ ಫ್ಯಾಕ್ಟರಿಯೊಳಗ ಮುಚ್ಚಿದ ತೂತು ಮಾತ್ರ, ನಾಳೆ ಆ ಸ್ಟಾರ್ಟಪ್ ಮುಚ್ಚಿದ್ರೂ, ಮುಚ್ಚೇ ಇರತೈತಿ.

ಅಕ್ಕಾರ, ನಿಮ್ಮ ಟ್ರಯಲ್‌ಗೆ ಆ ಹುಡುಗರಿಗೆ ರೊಕ್ಕ ಕೊಡಸ್ರಿ. ಸ್ವಲ್ಪ ಆದ್ರೂ ಸೈ.

ಶಾಲಿನಿ_ಬೊಮ್ಮಸಂದ್ರ

ಐದು ವಾರ ಆದ ಮೇಲೆ ಬರೀತಿದ್ದೀನಿ. ಮೂವರಿಗೂ ಕೈ ಮುಗಿದೆ.

ರಾಘು ಸರ್ ಹೇಳಿದ ಆ "ಫಲಿತಾಂಶ" ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನಮೂನೆಯ ಪುಟವನ್ನೇ ಮೇಲಿನವರ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ 412 ಮತ್ತು 438ರ ಲೆಕ್ಕ. ಅವರು ಸಿಟ್ಟಾಗಲಿಲ್ಲ. ಆ ಡ್ರಮ್ಮಿನ ಅಂಕಿ ಅವರಿಗೆ ಗೊತ್ತೇ ಇರಲಿಲ್ಲ. "ಯಂತ್ರ ನಮ್ಮಲ್ಲಿ ಇಲ್ವಾ?" ಅಂತ ಎರಡು ಸಲ ಕೇಳಿದರು. ವೆಂಚರ್ ವಿಭಾಗ ಹೆಡ್ ಆಫೀಸಿನ ನಾಲ್ಕನೇ ಮಹಡಿ, ಗ್ರೈಂಡಿಂಗ್ ಶಾಪು ಬೊಮ್ಮಸಂದ್ರ. ಎರಡರ ನಡುವೆ ಒಬ್ಬರೂ ಓಡಾಡಿಲ್ಲ ಅನ್ನೋದು ಅವತ್ತು ಆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥ ಆಯ್ತು.

ವಾಕ್ಯ ಈಗ ಹೀಗಿದೆ: "ಕೂಲಂಟ್ ಮರುಬಳಕೆ ತಂತ್ರಜ್ಞಾನದ ಒಂದು ಸಂಸ್ಥೆಯಲ್ಲಿ ಕಂಪನಿ 4 ಕೋಟಿ ರೂಪಾಯಿ ಹೂಡಿದೆ. ವರದಿಯ ವರ್ಷದಲ್ಲಿ ಈ ತಂತ್ರಜ್ಞಾನ ಕಂಪನಿಯ ಘಟಕಗಳಲ್ಲಿ ಬಳಕೆಯಲ್ಲಿರಲಿಲ್ಲ. ಬಳಸಿದ ಕೂಲಂಟಿನ ವಿಲೇವಾರಿ 412 ಡ್ರಮ್‌ಗಳಿಂದ 438ಕ್ಕೆ ಏರಿದೆ." ಕೊನೆಯ ಸಾಲನ್ನು ತೆಗೆಸೋಕೆ ಒಬ್ಬರು ತುಂಬ ಒತ್ತಾಯ ಮಾಡಿದರು. ಉಳೀತು.

ಟ್ರಯಲ್ ಪಿಒ ಕೂಡ ಆಗಿದೆ, ಒಂದು ಸೆಂಟರ್‌ಲೆಸ್ ಗ್ರೈಂಡಿಂಗ್ ಲೈನಿಗೆ ಮಾತ್ರ. ಮೂರು ತಿಂಗಳು, ಬಾಡಿಗೆ ಕೊಟ್ಟು, 30 ದಿನದಲ್ಲಿ ಬಿಲ್. ಸಂಗಮೇಶ ಅವರ ಮಾತು ಓದಿದ ಮೇಲೆ ಆ 30 ದಿನದ ಷರತ್ತಿಗಾಗಿ ಪರ್ಚೇಸಿನವರ ಹತ್ತಿರ ಎರಡು ದಿನ ಕೂತೆ.

ಮಂಜಣ್ಣ, ನೀವು ಹೇಳಿದ ಹಾಗೆ ಹಳೇ ಲೆಕ್ಕ ಬರೆಯೋಕೆ ಶುರು ಮಾಡಿ ಇವತ್ತಿಗೆ ಇಪ್ಪತ್ತಾರು ದಿನ. ಬೆಳಿಗ್ಗೆ ಏಳಕ್ಕೆ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ಕೂಲಂಟ್ ಹಾಕಿ ಕಿಟಕಿ ಬೆಳಕಿಗೆ ಹಿಡಿದು ನೋಡ್ತೀವಿ. ಬ್ರಿಕ್ಸ್ (ಕೂಲಂಟಿನ ಸಾಂದ್ರತೆಯ ಅಳತೆ), ಪಿಎಚ್ (ಆಮ್ಲ-ಕ್ಷಾರದ ಅಳತೆ), ಆ ಲೈನಿನಿಂದ ಹೊರಟ ಡ್ರಮ್ಮು, ಹೊಸದಾಗಿ ಸುರಿದ ಎಣ್ಣೆ ಎಲ್ಲ ಪುಸ್ತಕದಲ್ಲಿದೆ. ಪಿಎಚ್ ಸೋಮವಾರ ಬೆಳಿಗ್ಗೆ ಇಳಿದಿರುತ್ತೆ, ವಾಸನೆಯೂ ಅವತ್ತೇ ಜಾಸ್ತಿ. ಮೊದಲ ಶಿಫ್ಟಿನ ಹುಡುಗ ಒಬ್ಬ ತಾನಾಗೇ ಇನ್ನೊಂದು ಕಾಲಂ ಗೀಚಿದ್ದಾನೆ, ಅವತ್ತು ಎಷ್ಟು ಜನರ ಕೈ ಉರಿಯಿತು ಅಂತ. ಅದನ್ನು ಅಳಿಸಬೇಡ ಅಂದೆ. ಯಂತ್ರ ಮುಂದಿನ ಗುರುವಾರ ಬರುತ್ತೆ.